ಉಸಿರು ಹಿಡ್ಕೊಳಿ

ದಿನಕ್ಕೆ ಎಂಬತ್ತು ಸಲ, ಸೋಮವಾರವಾದರೆ ನೂರು,
ಹಾಸನದ ಜಿಲ್ಲಾಸ್ಪತ್ರೆಯ ಒಂಬತ್ತನೇ ನಂಬರ್ ಕೋಣೆಯಲ್ಲಿ
ನಾನು ಹೇಳುವುದು ಇಷ್ಟೇ:
ಉಸಿರು ಎಳ್ಕೊಳಿ. ಹಿಡ್ಕೊಳಿ.
ಬಿಡಿ.
ಭಿಕ್ಷುಗಳು ಇದನ್ನೇ ಮರದ ಬುಡದಲ್ಲಿ ಕೂತು
ವರ್ಷಗಟ್ಟಲೆ ಕಲಿಯುತ್ತಾರಂತೆ.
ನನಗೆ ಸಂಬಳ ಬರುತ್ತೆ.

ನನಗೆ ಎರಡು ಹೆಸರು.
ಅಜ್ಜಿ ಇಟ್ಟದ್ದು ಕೆಂಚಿ, ಹೊಸಕೋಟೆಯ ಅಮ್ಮನಿಗೆ ಹರಕೆ ಹೊತ್ತು.
ಅಪ್ಪ ಶಾಲೆಯಲ್ಲಿ ಬರೆಸಿದ್ದು ಉತ್ಪಲ.
ಇದ್ಯಾವ ಊರ ಹೆಸರಯ್ಯಾ, ಅಂದರಂತೆ ಮೇಷ್ಟ್ರು.
ನಮ್ಮೂರದ್ದೇ ಸ್ವಾಮಿ, ಅಂದನಂತೆ ಅಪ್ಪ,
ಕಳೆದುಹೋಗಿತ್ತು.

ಆಲೂರು ದಾಟಿ ಪಾಳ್ಯದ ಕಡೆ ನಮ್ಮ ಕೇರಿ.
ಅಪ್ಪ ಅರಣ್ಯ ಇಲಾಖೆಯ ದಿನಗೂಲಿ ವಾಚರ್,
ಆನೆ ಅಟ್ಟುವವನು.
ಕೈಯಲ್ಲಿ ಟಾರ್ಚು, ಚೀಲದಲ್ಲಿ ಪಟಾಕಿ,
ಎದೆಯ ಜೇಬಿನಲ್ಲಿ ಅಂಗೈಯಗಲದ ಪಂಚಶೀಲದ ಪುಸ್ತಕ.
ಬತ್ತಿಗೆ ಬೆಂಕಿ ಕೊಡುವ ಮೊದಲು
ಕತ್ತಲಿಗೆ ಹೇಳುತ್ತಿದ್ದ, ತಪ್ಪಾಯ್ತು ಕಣಪ್ಪಾ.
ಅಜ್ಜಿ ಬಿಡುತ್ತಿರಲಿಲ್ಲ:
ದೇವರೇ ಇಲ್ಲ ಅಂತೀಯ, ಮತ್ಯಾರ ಹತ್ರ ತಪ್ಪೊಪ್ಕೊಂಡೆ?
ಆನೆ ಹತ್ರ.

ಒಂದು ರಾತ್ರಿ ಕತೆ ಹೇಳಿದ.
ಮಾಯಾದೇವಿ ಮಲಗಿದ್ದಾಳೆ. ಬಿಳಿ ಆನೆ
ಸೊಂಡಿಲಲ್ಲಿ ತಾವರೆ ಹಿಡಿದು ಮೂರು ಸುತ್ತು ಬಂದು
ಬಲಗಡೆಯ ಪಕ್ಕೆಯೊಳಗೆ ಹೋಗುತ್ತೆ, ನೋವೇ ಇಲ್ಲದೆ.
ನಾನು ಕೇಳಿದೆನಂತೆ:
ಯಾರೂ ಪಟಾಕಿ ಹೊಡೀಲಿಲ್ವಾ?

ಆಮೇಲೆ ಎಷ್ಟೋ ವರ್ಷ ಅದೇ ಕನಸು.
ನನ್ನ ಆನೆ ಬಿಳಿಯಲ್ಲ. ಗದ್ದೆಯ ಕೆಸರು ಮೆತ್ತಿದ್ದು,
ಒಂದು ಕಿವಿ ಹರಿದದ್ದು,
ಸೊಂಡಿಲಲ್ಲಿ ಪಟೇಲರ ಹಿತ್ತಲಿನ ಬಾಳೆ.
ಹೊಸ್ತಿಲಾಚೆ ನಿಂತು ನೋಡುತ್ತೆ, ಬರಲಾ, ಅನ್ನುವ ಹಾಗೆ.
ನಮ್ಮ ಮನೆಯನ್ನು ಯಾರೂ ಹಾಗೆ ಕೇಳಿದ್ದಿಲ್ಲ.
ಬರುವವರು ಕೇಳುತ್ತಿರಲಿಲ್ಲ,
ಕೇಳುವಂಥವರು ಬರುತ್ತಿರಲಿಲ್ಲ.
ನಾನು ಚಾಪೆಯ ಮೇಲೆ ಸರಿದು ಜಾಗ ಬಿಡುತ್ತೇನೆ.
ಅಷ್ಟಕ್ಕೆ ಎಚ್ಚರ.

ಗ್ರಹಣದ ದಿನ ಊರು ಬಾಗಿಲು ಹಾಕಿತ್ತು.
ಅಜ್ಜಿ ನೀರಿನ ಗಡಿಗೆಗೆ ಗರಿಕೆ ಹಾಕಿ ಮೂಲೆ ಹಿಡಿದಿದ್ದಳು.
ಅಪ್ಪ ಯಾರದೋ ಮುರಿದ ಕಾಲಿನ ಎಕ್ಸ್‌ರೇ ತಂದು
ನನ್ನ ಕಣ್ಣಿಗೆ ಹಿಡಿದ, ಅಂಗಳದ ನಡುವೆ.
ಮೂಳೆಯ ಪಕ್ಕ ಕಚ್ಚಿದ ರೊಟ್ಟಿಯಂಥ ಸೂರ್ಯ.
ನೋಡು, ಯಾರೂ ನುಂಗ್ತಾ ಇಲ್ಲ. ನೆರಳು.
ಬರುತ್ತೆ, ಹೋಗುತ್ತೆ.
(ಹಾಗೆ ನೋಡಬಾರದು, ಕಣ್ಣಿಗೆ ಕೆಟ್ಟದ್ದು.
ಈ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು.
ಅಪ್ಪನಿಗೆ ಹೇಳಿಲ್ಲ.)

ಮರುಹುಟ್ಟಿನ ವಿಚಾರದಲ್ಲಿ ನಾನಿನ್ನೂ ಎತ್ತಲೂ ವಾಲಿಲ್ಲ.
ಅಪ್ಪ ಇಲ್ಲ ಅನ್ನುತ್ತಾನೆ.
ಅಜ್ಜಿ ಸಾಯುವಾಗ ಇದೆ ಅಂದಳು,
ಇದ್ದರೆ ಇದೇ ಕೇರಿ ಬೇಡ ಅಂದಳು.
ಇಪ್ಪತ್ತು ವರ್ಷದಿಂದ ಪಕ್ಕೆಲುಬು ನೋಡುತ್ತಿದ್ದೇನೆ,
ಗೌಡರದ್ದು, ಸಾಹುಕಾರರದ್ದು, ಲಾರಿ ಕ್ಲೀನರದ್ದು.
ಚೀಟಿ ಅದಲುಬದಲಾದರೆ ಯಾರದ್ದು ಯಾವುದೋ ಹೇಳಲಾರೆ.
ನಾನು ಕಣ್ಣಾರೆ ಕಂಡ ಧಮ್ಮ ಇಷ್ಟೇ.

ಹೋದ ಮಂಗಳವಾರ, ಟೋಕನ್ ನಲವತ್ತೊಂದು, ಅಪ್ಪ.
ಅಂಗಿ ಬಿಚ್ಚಿ ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಂತ.
ಎಷ್ಟು ಸಣ್ಣವನಾಗಿದ್ದಾನೆ.
ಎಳ್ಕೋ ಅಪ್ಪ. ಹಿಡ್ಕೋ.
ಪರದೆಯ ಮೇಲೆ, ಬಲಗಡೆಯ ಪಕ್ಕೆಯೊಳಗೆ,
ಬೆಳ್ಳಗೆ ಏನೋ.
ನೋಡುತ್ತ ನಿಂತುಬಿಟ್ಟೆ.
ಬಿಡು ಅನ್ನುವುದು ಮರೆತೇ ಹೋಯಿತು.
ಗಾಜಿನಾಚೆ ಅವನು ಹಿಡಿದೇ ಇದ್ದ,
ಕತ್ತಿನ ನರ ಉಬ್ಬಿ, ಕಣ್ಣು ಗೋಡೆಯಲ್ಲಿ,
ಮಗಳು ಹೇಳುವ ತನಕ.

ಏನು ಕಾಣ್ತು?
ನಾಲ್ಕನೆಯ ಶೀಲ, ಸುಳ್ಳಾಡಬಾರದು.
ಡಾಕ್ಟರು ಹೇಳ್ತಾರೆ, ಅಂದೆ.
ಅದು ಸುಳ್ಳಲ್ಲ.

ಗುಂಡಿ ತಪ್ಪಾಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತ.
ಫಿಲ್ಮನ್ನು ಕಿಟಕಿಗೆ ಹಿಡಿದ,
ಅವತ್ತು ಹಿಡಿದ ಹಾಗೇ, ಒಂದು ಕಣ್ಣು ಮುಚ್ಚಿ.
ಬಹಳ ಹೊತ್ತು ನೋಡಿದ.
ಕೆಂಚೀ, ಅಂದ.
ಆ ಹೆಸರಿನಿಂದ ಅವನು ನನ್ನನ್ನು ಕರೆದದ್ದೇ ಇಲ್ಲ.
ಕಾಫಿ ಕುಡಿಯೋಣ, ನಡಿ.